ಕಟಿಂಗ್ ಮಾಸ್ತರ ಅಂಗಳ

ಸ್ಟ್ರೆಚರ್ ಹೊತ್ತಿದ್ದ ನಾಲ್ವರೂ ಮುಂಬಾಗಿಲಿನಲ್ಲಿ ನಿಂತುಬಿಟ್ಟರು. ಮುಂದಿನ ಇಬ್ಬರ ಕಾಲು ಮೆಟ್ಟಿಲ ಮೇಲೆ, ಹಿಂದಿನ ಇಬ್ಬರದು ಇನ್ನೂ ನಡುಮನೆಯಲ್ಲಿ. ಮೆಟ್ಟಿಲ ಕೆಳಗೆ ಕಾಲುವೆ. ತೊಡೆಯಷ್ಟು ಆಳ, ಒಂದು ಮಂಚದಷ್ಟು ಅಗಲ, ತಳದಲ್ಲಿ ನಿನ್ನೆಯ ಮಳೆಯ ನೀರು. ಅದರ ಮೇಲೆ ಒಂದೇ ಒಂದು ಹಲಗೆ. ಒಬ್ಬರು ದಾಟಬಹುದು, ಅದೂ ಎರಡೂ ಕೈ ಚಾಚಿ, ಉಸಿರು ಬಿಗಿಹಿಡಿದು.

"ಹಿಂದಕ್ಕೆ ತಗೊಳ್ಳಿ, ಹಿಂದಕ್ಕೆ," ಎಂದ ಮಾಸ್ತರ ಅಳಿಯ. "ಹೀಗೆ ಆಗೋದಲ್ಲ ಇದು."

"ಹಿತ್ತಲ ಬಾಗಿಲಿಲ್ವಾ?" ಎಂದು ವ್ಯಾನಿನ ಡ್ರೈವರ್ ಗೇಟಿನಾಚೆಯಿಂದ ಕೂಗಿದ.

"ಇದೆ. ಅಲ್ಲಿ ಇದಕ್ಕಿಂತ ದೊಡ್ಡದಿದೆ," ಎಂದ ಕಾಜದಣ್ಣ. ಮಾಸ್ತರ ಜೊತೆ ಟೈಲರ್ ಅಂಗಡಿಯಲ್ಲಿ ಜೀವಮಾನವಿಡೀ ಅಂಗಿಗಳಿಗೆ ಗುಂಡಿಯ ಕಾಜ ಹಾಕಿದವನು ಅವನು. ವಯಸ್ಸಿನಲ್ಲಿ ಮಾಸ್ತರಿಗಿಂತ ಚಿಕ್ಕವನಾದರೂ ಎಲ್ಲರ ಬಾಯಲ್ಲೂ ಅಣ್ಣ. ಸ್ಟ್ರೆಚರಿನ ಮುಂದಿನ ತುದಿಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಬಿಳಿಯ ಬಟ್ಟೆಯೊಳಗಿನ ಮಾಸ್ತರ ಮುಖದತ್ತ ನೋಡಿದ. "ಜೀವ ಇರೋವರೆಗೂ ಒಂದು ಕೋಟನ್ನೂ ಟ್ರಯಲ್ ನೋಡದೆ ಹೊರಗೆ ಬಿಡ್ಲಿಲ್ಲ ಮಹಾನುಭಾವ. ಈಗ ತನಗೂ ಟ್ರಯಲ್ ಆಗ್ಬೇಕಂತೆ."

ಯಾರೋ ನಕ್ಕರು, ಇದು ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

ಅಂಗಡಿಯಿಂದ ಬಂದವರೆಲ್ಲ ನಡುಮನೆಯ ಗೋಡೆಯುದ್ದಕ್ಕೂ ನಿಂತಿದ್ದರು. ಹೊಲಿಗೆಯವರು, ಇಸ್ತ್ರಿಯವರು, ಕಾಲರ್ ಮಾತ್ರವೇ ಮಾಡುತ್ತಿದ್ದುದರಿಂದ ಕಾಲರ್ ಎಂದೇ ಹೆಸರಾದವನು. ಒಬ್ಬರ ಪ್ಯಾಂಟಿನ ಇಸ್ತ್ರಿಗೆರೆಯೂ ಮುರಿದಿರಲಿಲ್ಲ. ಮಾಸ್ತರಿಗೆ ಸಲ್ಲಿಸಬಹುದಾದ ಗೌರವ ಅದೇ ಎಂದು ಅವರಿಗೆ ಗೊತ್ತಿತ್ತು.

"ಮುಚ್ಚೋಣ," ಎಂದ ಅಳಿಯ. "ಪಕ್ಕದಲ್ಲೇ ಮಣ್ಣಿನ ಗುಡ್ಡೆ ಇದೆಯಲ್ಲ. ಸ್ಮಶಾನದಲ್ಲಿ ನಮಗೆ ಹೊತ್ತು ಗೊತ್ತುಮಾಡಿದ್ದಾರೆ, ತಪ್ಪಿದ್ರೆ ಸಂಜೆ ತನಕ ಕಾಯಬೇಕು."

ಮಗಳು ತಂದೆಯ ತಲೆಯ ಬಳಿ ಕೂತಿದ್ದಳು. ತಟಕ್ಕನೆ ಎದ್ದಳು. "ಅಪ್ಪ ಅಗೆದದ್ದನ್ನ ಇವತ್ತೇ ಮುಚ್ಚಬೇಕಾ? ಅವರನ್ನ ಎದುರಿಗೆ ಮಲಗಿಸ್ಕೊಂಡು?"

"ಬೇರೆ ದಾರಿ ಇದ್ರೆ ನೀನೇ ಹೇಳು."

"ಬೆನ್ನು ಬಗ್ಗಿಸಿ ಅಗೆದಿದ್ದಾರೆ ರೀ ಒಬ್ಬರೇ..."

"ತಡಿ ಮಗೂ," ಎಂದ ಕಾಜದಣ್ಣ. "ಪೂರ್ತಿ ಮುಚ್ಚೋದು ಬೇಡ. ಮೆಟ್ಟಿಲ ಮುಂದೆ ಮಾತ್ರ, ನಾಲ್ಕು ಜನ ನಡೆಯೋವಷ್ಟು. ಬಂದ ಮೇಲೆ ನಾವೇ ತೆಗೆದು, ಹೇಗಿತ್ತೋ ಹಾಗೆ ಮಾಡಿಕೊಡ್ತೀವಿ. ಕಚ್ಚಾ ಹೊಲಿಗೆ ಅಂದ್ಕೋ. ಅದನ್ನ ಹಾಕೋದೇ ಬಿಚ್ಚೋಕೆ."

ಆ ಮಾತಿಗೆ ಮಗಳು ಒಪ್ಪಿದಳು.

ಮಾಸ್ತರ ಹೆಂಡತಿ ಕಿಟಕಿಯ ಬಳಿ ನಿಂತಿದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ. ಅಂಗಡಿಯವರು ಅಂಗಿಯ ತೋಳು ಮಡಚಿಕೊಂಡು ಒಬ್ಬೊಬ್ಬರಾಗಿ ಹಲಗೆ ದಾಟಿ, ಗುದ್ದಲಿ ಸಲಿಕೆ ಹಿಡಿದರು. ಮೊದಲ ಸಲಿಕೆಯ ಮಣ್ಣು ಕೆಸರಿನಲ್ಲಿ ಬಿದ್ದು ತೊಪ್ಪೆಂದಿತು. ಆಮೇಲಾಮೇಲೆ ಆ ಸದ್ದು ಒಣಗುತ್ತ ಬಂತು. ಕೊನೆಗೆ ಕಾಲರ್ ಅದರ ಮೇಲೆ ಅತ್ತಿತ್ತ ನಡೆದು, ಕುಣಿದಂತೆ ತುಳಿದು, "ತಡೆಯುತ್ತೆ," ಎಂದ.

ನೆಲ. ಮೆಟ್ಟಿಲಿನಿಂದ ಗೇಟಿನವರೆಗೆ, ನಡುವೆ ತುಂಡಾಗದ ನೆಲ. ಇನ್ನು ಒಬ್ಬಳೇ ಹೊರಗೆ ಹೋಗಬಹುದು ಎಂದು ಆಕೆಗೆ ಅನ್ನಿಸಿತು. ಗಂಡನ ಮೈ ಇನ್ನೂ ಮನೆಯೊಳಗೇ ಇರುವಾಗ ಬಂದ ಈ ಯೋಚನೆಗೆ ತಾನೇ ಹೆದರಿ, ಕಿಟಕಿಯ ಸರಳನ್ನು ಹಿಡಿದುಕೊಂಡಳು.

*

ಮದುವೆಯಾದಾಗಿನಿಂದ ಅವರಿದ್ದುದು ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗಿನಿಂದ ಇಸ್ತ್ರಿಯ ಆವಿ, ಮೆಷಿನ್ನುಗಳ ಗುಡುಗು. ಒಂದು ಕುಂಡ ಇಡಲೂ ಅಲ್ಲಿ ಜಾಗವಿರಲಿಲ್ಲ. ಕೆಲಸದಿಂದ ಅರ್ಧ ಬಿಡುವು ಸಿಕ್ಕಿ, ಮಾಸ್ತರು ಬೆಳಿಗ್ಗೆ ಮಾತ್ರ ಅಂಗಡಿಗೆ ಹೋದರೆ ಸಾಕೆಂದಾದ ಮೇಲೆ, ಊರಂಚಿನ ಹೊಸ ಬಡಾವಣೆಯಲ್ಲಿ ಈ ಮನೆ ಕೊಂಡರು. ಕಟ್ಟಿದವರು ಸುತ್ತಲಿನ ಜಾಗವನ್ನು ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆಗಳ ಸಮೇತ ಬಿಟ್ಟು ಹೋಗಿದ್ದರು.

"ಇದನ್ನ ನಾನೇ ಮಾಡ್ತೀನಿ," ಎಂದಿದ್ದರು ಮಾಸ್ತರು. ಆಕೆಗೂ ಖುಷಿಯೇ ಆಗಿತ್ತು.

ಅವರು ಸುಣ್ಣದ ಪುಡಿಯನ್ನು ಬಟ್ಟೆಯ ಚೀಲದಲ್ಲಿ ತುಂಬಿ, ತುದಿ ಕತ್ತರಿಸಿ, ನೆಲದ ಮೇಲೆ ಗೆರೆ ಎಳೆದರು. ಅಂಗಡಿಯ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದಂತೆಯೇ, ಒಂದೇ ಉಸಿರಿನಲ್ಲಿ. ಎಳೆದು, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿದರು. ಅಗೆದರು. ಒಂದು ಗುಂಡನೆಯ ಮಡಿ ಆಯಿತು. "ಸೊಂಟ ಸ್ವಲ್ಪ ದಪ್ಪ ಬಂತು," ಎಂದು ಅದನ್ನು ಮುಚ್ಚಿದರು. ಕೊಳ ತೆಗೆದರು, ನೀರು ತುಂಬುವ ಮೊದಲೇ ಅದು ಎಡಕ್ಕೆ ಸರಿಯಬೇಕಿತ್ತು ಎನ್ನಿಸಿತು. ಆಮೇಲೆ ಮನೆಯ ಸುತ್ತ ಈ ಕಾಲುವೆ. ಮಾಡಿದ ಉಡುಪಿಗೆ ಅಂಚು ಹೊಲಿದಂತೆ ಮನೆಗೂ ಹಸಿರಿನದೊಂದು ಅಂಚು ಬೇಕು, ಗಿಡಗಳ ಬೇಲಿ ಬರಬೇಕು ಎಂದರು. ಅಗೆದಷ್ಟೂ ಸಿಮೆಂಟಿನ ಚೂರು ಸಿಕ್ಕಿತು, ಬೇರಿಳಿಯುವ ಮಣ್ಣು ಸಿಗುವವರೆಗೂ ಆಳ ಮಾಡುತ್ತಲೇ ಹೋದರು.

"ಯಾವಾಗ ಮುಗಿಯುತ್ತೆ?" ಎಂದು ಆಕೆ ಕೇಳಿದರೆ, "ಟ್ರಯಲ್ ನಡೀತಿದೆ ಕಣೇ," ಎನ್ನುವರು.

ಒಂದು ಮಧ್ಯಾಹ್ನ ಹೊಂಡದ ದಂಡೆಯ ಮೇಲೆ ಕೂತು, ಚಹಾ ಕುಡಿಯುತ್ತ, ಹಿಂದೆಂದೂ ಹೇಳದ ಸಂಗತಿಯೊಂದನ್ನು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮದುಮಗನ ಕೋಟಿಗೆ ಬಟ್ಟೆ ಕತ್ತರಿಸುವಾಗ, ಒಂದು ತೋಳಾದ ಮೇಲೆ ಬಟ್ಟೆ ಮಗುಚಿ ಹಾಕುವುದನ್ನು ಮರೆತಿದ್ದರಂತೆ. ಎರಡೂ ಎಡದ ತೋಳೇ ಆದವು. ಹೊರಗೆ ಮದುಮಗ ಕಾಯುತ್ತ ಕೂತಿದ್ದ.

"ಅವತ್ತಿನಿಂದ ಕತ್ತರಿ ಹಿಡಿಯೋ ಮುಂಚೆ ಪ್ರತೀ ಸಲ ಹೆದರಿ, ಬಟ್ಟೆ ಮಗುಚಿ ಮಗುಚಿ ನೋಡ್ತಿದ್ದೆ. ಜೀವಮಾನ ಪೂರ್ತಿ. ಬಟ್ಟೆ ಕ್ಷಮಿಸಲ್ಲ ಕಣೇ. ಒಂದ್ಸಲ ಕತ್ತರಿಸಿದ್ರೆ ಮುಗೀತು." ಅವರು ಒಂದು ಹಿಡಿ ಮಣ್ಣು ಎತ್ತಿ ಹೊಂಡಕ್ಕೆ ಹಾಕಿ, ಮಗುವಿನ ಹಾಗೆ ನಕ್ಕರು. "ಇದನ್ನ ನೋಡು. ಎಷ್ಟು ಸಲ ಕತ್ತರಿಸಿದ್ರೂ ಮತ್ತೆ ಸೇರ್ಕೊಳ್ಳುತ್ತೆ!"

ಅವರ ಮುಖದಲ್ಲಿ ಆ ಬೆಳಕನ್ನು ನೋಡಿದ ಮೇಲೆ ಆಕೆ ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನು ಬಿಟ್ಟಳು.

ಆದರೆ ಮಂಡಿ ಕೇಳಬೇಕಲ್ಲ. ಆ ಚಳಿಗಾಲದಲ್ಲಿ ಆಕೆಯ ಬಲಮಂಡಿ ಊದಿಕೊಂಡು, ಬಗ್ಗದೆ ಹೋಯಿತು. ಹಲಗೆಯ ಮೇಲೆ ಕಾಲಿಟ್ಟರೆ ಅದು ತೂಗುತ್ತಿತ್ತು. "ಎಲ್ಲಿಗೇ ಹೋಗೋದಿದ್ರೂ ಕೂಗು, ನಾನಿದ್ದೀನಲ್ಲ," ಎನ್ನುತ್ತ ಮಾಸ್ತರು ಕೈ ಕೊಡುತ್ತಿದ್ದರು. ತಾವು ಕೆಸರಿನ ಕಾಲುವೆಯಲ್ಲಿ ಇಳಿದು ನಿಂತು, ಮೇಲಕ್ಕೆ ಚಾಚಿದ ಕೈ. ಅದರಲ್ಲಿ ಎಷ್ಟು ಅಕ್ಕರೆ ಇರುತ್ತಿತ್ತೆಂದರೆ, ಅದನ್ನು ಹಿಡಿಯದೆ ದಾಟುವ ಆಸೆಯನ್ನು ಆಕೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವರು ಅಂಗಡಿಗೆ ಹೋದ ಹೊತ್ತಿನಲ್ಲಿ ಆಕೆ ಮನೆಯೊಳಗೆ. ಒಗೆದ ಬಟ್ಟೆ ಕುರ್ಚಿಗಳ ಮೇಲೆ ಒಣಗುತ್ತಿತ್ತು. ಎದುರು ಮನೆಯವಳು ತರಕಾರಿಯ ಚೀಲವನ್ನು ನೆಲ ಒರೆಸುವ ಕೋಲಿನ ತುದಿಗೆ ಸಿಕ್ಕಿಸಿ, ಕಾಲುವೆಯಾಚೆಯಿಂದ ಚಾಚುವಳು.

"ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯ್ತು ನಿಮ್ಮನೆಗೆ ಬರೋದು," ಎಂದು ಅವಳು ನಗುವಳು. "ನಿಮ್ಮ ಪುಲಿ ಅಂಗಡಿಗೆ ಹೋದ್ರೂ ದರಿ ಇಲ್ಲೇ ಇರುತ್ತಲ್ಲ!"

*

ಆ ಎದುರು ಮನೆಯವಳೇ ತನ್ನ ಅಂಗಳ ಮಾಡಿಕೊಟ್ಟ ಗಾರ್ಡನಿನವನ ನಂಬರು ಕೊಟ್ಟದ್ದು. ಫೋನು ಮಾಡಲು ಮಾಸ್ತರ ಹೆಂಡತಿ ಬಹಳ ದಿನ ಹಿಂದೆ ಮುಂದೆ ನೋಡಿದಳು. ಮಾಡಿದ ಮರುದಿನವೇ ಅವನು ಬಂದ. ಹಸನ್ಮುಖಿ, ಚುರುಕು ಮನುಷ್ಯ. ಹಲಗೆಯನ್ನು ಎರಡೇ ಹೆಜ್ಜೆಯಲ್ಲಿ ದಾಟಿ ಬಂದು, ಒಂದು ಸುತ್ತು ಹಾಕಿ ನೋಡಿದ.

"ಎರಡು ವಾರದ ಕೆಲಸ ಅಮ್ಮ. ಈ ಕಡೆ ಹುಲ್ಲುಹಾಸು. ಮೆಟ್ಟಿಲಿಂದ ಗೇಟಿಗೆ ಚಪ್ಪಟೆ ಕಲ್ಲು. ನಿಮಗೆ ಕಾಲು ನೋವಲ್ವಾ, ಪಕ್ಕಕ್ಕೊಂದು ಹಿಡಿಕಂಬಿ ಹಾಕ್ಕೊಡ್ತೀನಿ. ಗಿಡ ಯಾವುದು ಬೇಕು ಹೇಳಿ."

"ಗಿಡ ಯಾವುದಾದ್ರೂ ಹಾಕಿ. ಹಾಕದಿದ್ರೂ ನಡೆಯುತ್ತೆ," ಎಂದಳು ಆಕೆ. "ನನಗೆ ನೆಲ ಬೇಕು."

ಅವನು ನಕ್ಕ. "ಇಷ್ಟು ವರ್ಷದಲ್ಲಿ ಇಂಥ ಆರ್ಡರು ಇದೇ ಮೊದಲು ಅಮ್ಮ."

ಅಷ್ಟರಲ್ಲಿ ಮಾಸ್ತರು ಬಂದರು. ಸಿಟ್ಟು ಮಾಡುತ್ತಾರೆಂದು ಆಕೆ ಹೆದರಿದ್ದಳು. ಅವರು ಸಿಟ್ಟು ಮಾಡಲಿಲ್ಲ. ಬಂದವನನ್ನು ಕೂರಿಸಿ, ತಾವೇ ಚಹಾ ಮಾಡಿ ತಂದುಕೊಟ್ಟರು. ಅವನು ಫೋನಿನಲ್ಲಿ ತೋರಿಸಿದ ಅಂಗಳಗಳ ಚಿತ್ರವನ್ನೆಲ್ಲ ತಾಳ್ಮೆಯಿಂದ ನೋಡಿದರು. ಆಮೇಲೆ ಅವನ ಭುಜದ ಹೊಲಿಗೆಯನ್ನು ಎರಡು ಬೆರಳಿನಲ್ಲಿ ಮುಟ್ಟಿ ಕೇಳಿದರು:

"ಈ ಅಂಗಿ ಎಲ್ಲಿ ಹೊಲಿಸಿದ್ದು?"

"ರೆಡಿಮೇಡು ಸರ್."

"ಭುಜ ಇಳಿದಿದೆ ನೋಡಿ. ಎಡಗಡೆ ಜಾಸ್ತಿ. ನೀವು ಎಡಗೈಯಲ್ಲೇ ಭಾರ ಹೊರೋರು ಅಂತ ಕಾಣುತ್ತೆ. ಅದು ಫ್ಯಾಕ್ಟರಿಗೆ ಹೇಗೆ ಗೊತ್ತಾಗ್ಬೇಕು?"

ಗಾರ್ಡನಿನವನು ತನ್ನ ಭುಜವನ್ನೇ ಹೊಸದಾಗಿ ನೋಡಿದ. ಆಮೇಲೆ ಮಾಸ್ತರು ಅವನನ್ನು ಹೊರಗೆ ಕರೆದೊಯ್ದು, ಎಲ್ಲಿ ಬೇಲಿ ಬರುತ್ತದೆ, ಯಾವ ಹೊತ್ತಿನಲ್ಲಿ ಅದರ ನೆರಳು ಕಿಟಕಿಯಿಂದ ಒಳಗೆ ಬಂದು ಹೆಂಡತಿ ಕೂರುವ ಜಾಗಕ್ಕೆ ಬೀಳುತ್ತದೆ ಎಂದು ಕೈಯಾಡಿಸಿ ವಿವರಿಸಿದರು. ಹೊರಡುವಾಗ ಅವನು ಆಕೆಗೆ ಮೆಲ್ಲಗೆ ಹೇಳಿದ:

"ಅವರೇ ಮಾಡ್ಲಿ ಬಿಡಿ ಅಮ್ಮ. ಇಷ್ಟು ಆಸೆಪಟ್ಟು ನಾವು ಮಾಡೋಕಾಗಲ್ಲ. ನೀವು ಪುಣ್ಯ ಮಾಡಿದ್ದೀರಿ."

ಮಾಸ್ತರು ಲೋಟ ತೊಳೆಯುತ್ತ, ಬೆನ್ನು ಮಾಡಿಕೊಂಡೇ ಕೇಳಿದರು. "ನಿನಗೆ ಬೇಕಿತ್ತಾ ಅವನು?"

ಹೂಂ ಎನ್ನಲು ಒಂದು ಕ್ಷಣವಿತ್ತು. ಅವರ ಕುತ್ತಿಗೆಯ ಹಿಂದೆ ಬಿಸಿಲಿಗೆ ಸುಟ್ಟ ಚರ್ಮ, ಕಿವಿಯೊಳಗೆ ಮಣ್ಣು. "ಹಾಗೇನಿಲ್ಲ. ಸುಮ್ಮನೆ ವಿಚಾರಿಸಿದೆ," ಎಂದಳು.

"ಅದೇ ನಾನೂ ಅಂದ್ಕೊಂಡೆ. ನಿನ್ನ ಅಳತೆ ಇನ್ನೊಬ್ಬರ ಕೈಗೆ ಯಾಕೆ ಕೊಡಬೇಕು?" ಎಂದು ಹಾಡು ಗುನುಗುತ್ತ ಸಲಿಕೆ ಹಿಡಿದು ಹೋದರು.

*

ಸ್ಮಶಾನದಲ್ಲಿ ದಾರಿಯೆಲ್ಲ ಚಪ್ಪಟೆ ಕಲ್ಲು. ಎರಡೂ ಬದಿಗೆ ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು. ಕೆಲಸವೆಲ್ಲ ಮುಗಿದ ಮೇಲೆ ಜನ ಗುಂಪುಗುಂಪಾಗಿ ನಿಂತು ಮಾತಾಡುತ್ತಿದ್ದಾಗ, ಆಕೆ ನಡೆಯುತ್ತ ಹೋದಳು. ಎಲ್ಲಿಗೆಂದೇನೂ ಇಲ್ಲ. ಒಂದು ಕಾಲು, ಇನ್ನೊಂದು ಕಾಲು. ಅಳು ಬರುತ್ತಿತ್ತು, ನಡೆಯುವುದೂ ನಡೆದಿತ್ತು. ತಿರುಗಿ ನೋಡಿದರೆ ಅವರೆಲ್ಲ ಸಣ್ಣದಾಗಿ ಕಾಣುವಷ್ಟು ದೂರ ಬಂದುಬಿಟ್ಟಿದ್ದಳು. ಇಷ್ಟು ದೂರ ಯಾರ ಕೈಯನ್ನೂ ಹಿಡಿಯದೆ ನಡೆದು ಎಷ್ಟು ಕಾಲವಾಗಿತ್ತೋ.

ಮಗಳು ಓಡಿ ಬಂದು ತೋಳು ಹಿಡಿದಳು. "ಅಮ್ಮಾ! ಬಿದ್ದುಗಿದ್ದೀಯ."

"ಬಿಡು. ನೆಲ ಸಮ ಇದೆ."

ಹಿಂದೆಯೇ ಬಂದ ಅಳಿಯ ಸುತ್ತ ನೋಡಿ ಹೇಳಿದ. "ಎಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿದ್ದಾರೆ. ಮನೆ ಮುಂದೂ ಹೀಗೇ ಮಾಡಿಸ್ಬಿಡೋಣ. ಯಾರಾದ್ರೂ ಗಾರ್ಡನಿನವರಿಗೆ ಒಂದು ಮಾತು ಹೇಳಿದ್ರೆ ಆಯ್ತು."

"ಸ್ಮಶಾನದ ಥರಾನಾ?" ಎಂದಳು ಮಗಳು.

"ನಾನು ಹಾಗಂದೆನಾ?"

"ಮತ್ತೆ ಹೇಗಂದ್ರಿ? ಅಪ್ಪ ಬೆವರು ಸುರಿಸಿದ ಜಾಗಕ್ಕೆ ಬಾಡಿಗೆ ಜನ ಬಂದು ಹುಲ್ಲಿನ ಚಾಪೆ ಹಾಸಿ ಹೋಗ್ಬೇಕಾ? ಅಷ್ಟೇ ಆಗೋದಾಗಿದ್ರೆ ಅವರು ಯಾಕೆ ಅಷ್ಟು ಕಷ್ಟಪಟ್ರು?" ಅವಳ ದನಿ ಒಡೆಯಿತು. "ಅವರ ಪಾಲಿಗೆ ಉಳಿದದ್ದೇ ಅದೊಂದು. ಅಮ್ಮ ಬಿಲ್‌ಕುಲ್ ಒಪ್ಪಲ್ಲ. ಅಲ್ವೇನಮ್ಮಾ?"

ಎಲ್ಲರೂ ತಾಯಿಯತ್ತ ನೋಡಿದರು. ಮಗಳು, ಅಳಿಯ, ಆಗ ತಾನೇ ಹತ್ತಿರ ಬಂದ ಕಾಜದಣ್ಣ, ಅವನ ಹಿಂದೆ ಕಾಲರ್. ನನಗೆ ನೆಲ ಬೇಕು ಎನ್ನುವುದಕ್ಕೆ ಮೂರೇ ಮಾತು. ಅದೇ ಮೂರು ಮಾತನ್ನು ಒಬ್ಬ ಅಪರಿಚಿತನಿಗೆ ಎಷ್ಟು ಸುಲಭವಾಗಿ ಹೇಳಿದ್ದಳು! ಮಗಳ ಕಣ್ಣು ಊದಿಕೊಂಡಿತ್ತು. ಇವಳು ಅಪ್ಪನ ಮಗಳು. ಆ ಕಣ್ಣು ಕಿರಿದು ಮಾಡುವ ರೀತಿ ಕೂಡ ಅವರದೇ.

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅದೇ ಉತ್ತರವಾಯಿತು.

"ನೋಡಿದ್ರಾ?" ಎಂದಳು ಮಗಳು.

"ಚಿಂತೆ ಬಿಡಿ ಅಕ್ಕ," ಎಂದ ಕಾಜದಣ್ಣ. "ಮಾಸ್ತರು ಅರ್ಧಕ್ಕೆ ಬಿಟ್ಟ ಕೋಟನ್ನ ಬೇರೆ ಅಂಗಡಿಗೆ ಕೊಟ್ಟದ್ದುಂಟಾ? ನಾವಿದ್ದೀವಿ. ಭಾನುವಾರ ಭಾನುವಾರ ಬರ್ತೀವಿ. ಅವರು ಹಾಕಿದ ಗೆರೆ ಒಂದು ಬೆರಳೂ ಆಚೀಚೆ ಆಗಲ್ಲ."

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದೋರು ತೋಟದ ಮಾತು ಯಾಕೆ ಎತ್ತಿಲ್ಲ ಅಂತ ಈಗ ಗೊತ್ತಾಯ್ತು," ಎಂದ ಕಾಲರ್. "ಆದ್ರೂ ಅಡ್ಡಿಯಿಲ್ಲ. ಎಷ್ಟು ವರ್ಷ ಆಗುತ್ತೋ ಆಗ್ಲಿ."

ವ್ಯಾನಿನಲ್ಲಿ ಮಗಳು ತಾಯಿಯ ಭುಜಕ್ಕೆ ತಲೆಯಿಟ್ಟಳು. "ನಾನು ಬಂದಾಗೆಲ್ಲ ಕೈ ಹಿಡಿದು ದಾಟಿಸ್ತೀನಮ್ಮ. ಇಲ್ಲದಾಗ ಎದುರು ಮನೆಯವರಿಗೆ ಹೇಳಿರ್ತೀನಿ. ಅಷ್ಟಕ್ಕೂ ಇನ್ನು ನೀನು ಹೋಗೋದಾದ್ರೂ ಎಲ್ಲಿಗೆ ಇರುತ್ತೆ?"

ಆಕೆ ಮಗಳ ಕೂದಲು ನೇವರಿಸಿದಳು. ಚಿಕ್ಕವಳಿದ್ದಾಗ ಇವಳು ಮಹಡಿಯ ಮೆಟ್ಟಿಲಿಳಿದು ಬೀದಿಗೆ ಓಡದಂತೆ, ಬಾಗಿಲಿಗೊಂದು ಅಡ್ಡಪಟ್ಟಿ ಕಟ್ಟಿದ್ದು ಆಕೆಗೆ ನೆನಪಾಯಿತು. ಅದನ್ನೂ ಪ್ರೀತಿಯಿಂದಲೇ ಕಟ್ಟಿದ್ದಳು.

*

ಮನೆಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಗೇಟಿನಿಂದ ಮೆಟ್ಟಿಲವರೆಗೆ ಆಕೆ ತಾನೇ ನಡೆದಳು. ತುಂಬಿದ ಮಣ್ಣು ಕಾಲಡಿಯಲ್ಲಿ ಸ್ವಲ್ಪ ಕುಸಿಯಿತು, ಆಮೇಲೆ ಹಿಡಿದುಕೊಂಡಿತು. ಅದರ ಮೇಲೆ ಸ್ಟ್ರೆಚರ್ ಹೊತ್ತವರ ಹೆಜ್ಜೆಗಳು ಆಳವಾಗಿ ಮೂಡಿದ್ದವು. ಅವುಗಳ ಪಕ್ಕದಲ್ಲಿ ಈಗ ಆಕೆಯದೂ.

ಎದುರು ಮನೆಯವಳು ದೊಡ್ಡ ಪಾತ್ರೆಯಲ್ಲಿ ಚಹಾ ಮಾಡಿ ತಂದಿದ್ದಳು. ಮೊದಲ ಸಲ ಕೋಲಿಲ್ಲದೆ, ಕಾಲುವೆಯ ದಂಡೆಯಲ್ಲಿ ನಿಲ್ಲದೆ, ನೆಟ್ಟಗೆ ಅಡುಗೆಮನೆಗೇ ಬಂದಿದ್ದಳು. "ಒಳಗೆ ಹೀಗಿದೆಯೇನ್ರೀ ನಿಮ್ಮ ಮನೆ?" ಎಂದು ಸುತ್ತ ನೋಡಿ, ಇಂಥ ದಿನ ಇಂಥ ಮಾತೇಕೆ ಬಂತೋ ಎಂದು ತುಟಿ ಕಚ್ಚಿಕೊಂಡು, ಲೋಟಗಳನ್ನು ಜೋಡಿಸತೊಡಗಿದಳು.

ಮಾಸ್ತರ ಹೆಂಡತಿ ಎರಡು ಗುಟುಕು ಕುಡಿದಿರಬೇಕು. ಹೊರಗೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾಯಿತು.

ಕಿಟಕಿಯಲ್ಲಿ ಬಗ್ಗಿ ನೋಡಿದಳು. ಅಂಗಡಿಯವರು ಯಾರೂ ಮನೆಗೆ ಹೋಗಿರಲಿಲ್ಲ. ಪ್ಯಾಂಟಿನ ತುದಿಯನ್ನು ಗೆರೆ ಕೆಡದಂತೆ ಸಮನಾಗಿ ಮಡಚಿಕೊಂಡಿದ್ದರು. ಕಾಲರ್ ಅಳತೆಯ ಟೇಪಿನ ಒಂದು ತುದಿ ಹಿಡಿದಿದ್ದ, ಇನ್ನೊಂದು ತುದಿ ಮಗಳ ಕೈಯಲ್ಲಿ. ಕಾಜದಣ್ಣ ಮಂಡಿಯೂರಿ, ತುಂಬಿದ ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದ.

"ಇವತ್ತೇ ಯಾಕೆ ಅಣ್ಣ? ದಣಿದಿದ್ದೀರಿ," ಎನ್ನುತ್ತಿದ್ದ ಅಳಿಯ.

"ಮಾತು ಕೊಟ್ಟಿದ್ದೀನಲ್ಲ ಮಗುವಿಗೆ. ಕಚ್ಚಾ ಹೊಲಿಗೆ ರಾತ್ರಿವರೆಗೂ ಬಿಟ್ರೆ ಬಟ್ಟೇಲಿ ಗುರುತು ಉಳಿಯುತ್ತೆ."

ಮಗಳು ಅಳುತ್ತಲೇ ನಕ್ಕಳು. ಅವಳ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಬಾರಿಗೆ ಒಂದು ನೆಮ್ಮದಿ ಕಂಡಿತು. ಅಂಚಿನಲ್ಲಿ ಮೊದಲ ಸಲಿಕೆ ಮಣ್ಣು ಎದ್ದಿತು. ಕಾಲುವೆ ಅಷ್ಟರಮಟ್ಟಿಗೆ ಬಾಯಿ ತೆರೆಯಿತು.

ಮಾಸ್ತರ ಹೆಂಡತಿ ಲೋಟ ಕೆಳಗಿಟ್ಟಳು. ಅಡುಗೆಮನೆಯಲ್ಲಿ ಮರದ ಕುರ್ಚಿಯೊಂದಿತ್ತು. ಅದರ ಮೇಲಿದ್ದ ಒಣಗಿದ ಟವೆಲನ್ನು ತೆಗೆದು, ಮಡಚಿ, ಕಪಾಟಿನ ಮೇಲಿಟ್ಟಳು.

"ಏನು ಬೇಕು, ನಾನು ಕೊಡ್ತೀನಿ," ಎಂದಳು ಎದುರು ಮನೆಯವಳು.

"ಏನೂ ಬೇಡ."

ಕುರ್ಚಿ ಭಾರವಾಗಿತ್ತು. ಅರ್ಧ ಎತ್ತಿ, ಅರ್ಧ ಎಳೆದು, ನಡುಮನೆ ದಾಟಿ, ಮೆಟ್ಟಿಲು ಒಂದೊಂದಾಗಿ ಇಳಿಸಿದಳು. ಮಂಡಿ ಕೂಗಿತು. ಸದ್ದಿಗೆ ಎಲ್ಲರೂ ತಲೆಯೆತ್ತಿದರು. ಆಕೆ ಕಾಜದಣ್ಣನ ಸುಣ್ಣದ ಗೆರೆಗಳ ನಡುವೆ ಬಂದು, ಗೇಟಿನ ಕಡೆ ಮುಖ ಮಾಡಿ ಕುರ್ಚಿ ಇಟ್ಟು, ಕೂತಳು.

"ಅಮ್ಮಾ?"

ಆಕೆ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಕೂರ್ಲಿ ಬಿಡು," ಎಂದ ಕಾಲರ್ ಪಿಸುದನಿಯಲ್ಲಿ. "ಮಾಸ್ತರು ಓಡಾಡಿದ ಜಾಗ. ಸ್ವಲ್ಪ ಹೊತ್ತು ಕೂತು ಎದ್ದು ಹೋಗ್ತಾರೆ."

"ಪಾಪ," ಎಂದರು ಇನ್ಯಾರೋ.

ಅವರು ಸಲಿಕೆ ಊರಿಕೊಂಡು ಕಾದರು. ಅಳಿಯ ಟೇಪು ಸುತ್ತಿದ. ಮಗಳು ಒಳಗಿನಿಂದ ಶಾಲು ತಂದು ತಾಯಿಯ ಹೆಗಲಿಗೆ ಹೊದೆಸಿ, "ಒಳಗೆ ಬಾಮ್ಮ, ತಂಡಿ ಹತ್ತುತ್ತೆ," ಎಂದಳು.

"ಇಲ್ಲೇ ಚೆನ್ನಾಗಿದೆ."

"ಅವರು ಕಾಯ್ತಿದ್ದಾರೆ."

"ಹೂಂ," ಎಂದಳು ಆಕೆ.

ಕಾಜದಣ್ಣ ಬಂದು ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ. ಆಕೆಯ ಮುಖವನ್ನು ನೋಡಿ, ಕೈಗಂಟಿದ ಸುಣ್ಣವನ್ನು ಉಜ್ಜಿಕೊಳ್ಳತೊಡಗಿದ. ಬೀದಿಯಲ್ಲಿ ಯಾರೋ ಸೈಕಲ್ ಮೇಲೆ ಹೋದರು. ಕುರ್ಚಿಯ ಕಾಲುಗಳು ಹೊಸ ಮಣ್ಣಿನಲ್ಲಿ ಒಂದಿಷ್ಟು ಇಳಿದವು. ಆಕೆ ಎರಡೂ ಪಾದಗಳನ್ನು ಅಗಲಿಸಿ ಊರಿ, ಮೈಯ ಭಾರವನ್ನೆಲ್ಲ ಕೆಳಕ್ಕೆ ಬಿಟ್ಟಳು. ಅವು ಇನ್ನಷ್ಟು ಇಳಿದು, ತಳ ಸಿಕ್ಕಂತೆ ನಿಂತವು. ಸುತ್ತ ಒಳ್ಳೆಯ ಬಟ್ಟೆ ತೊಟ್ಟ ಗಂಡಸರು ಸಲಿಕೆ ಹಿಡಿದು, ತಲೆ ತಗ್ಗಿಸಿ, ಆಕೆ ಏಳುವುದನ್ನೇ ಕಾಯುತ್ತ ನಿಂತಿದ್ದರು.